ಮನೆ ಯುಪಿಎಸ್‌ಗೆ 100 ಎಎಚ್ ಲಿಥಿಯಂ ಬ್ಯಾಟರಿ: ಮೂರು ವರ್ಷ ಬಳಸಿದ ಮೇಲೆ

ಬ್ಯಾಟರಿ 12.8 ವೋಲ್ಟ್, 100 ಎಎಚ್ (ಆಂಪಿಯರ್-ಅವರ್, ಸಾಮರ್ಥ್ಯದ ಅಳತೆ), ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಯುಪಿಎಸ್ 900 ವಿಎ ಸೈನ್‌ವೇವ್. ಲೋಡು ನಾಲ್ಕು ಫ್ಯಾನು, ಎಂಟು ಎಲ್‌ಇಡಿ ಬಲ್ಬು, ಟಿವಿ, ವೈಫೈ. ಮೊದಲಿದ್ದದ್ದು 150 ಎಎಚ್ ಟ್ಯೂಬುಲರ್, ಅಂದರೆ ಸೀಸದ ಬ್ಯಾಟರಿ. ಇಬ್ಬರು ಸೇರಿ ಎತ್ತಬೇಕಾದ ಭಾರ. ಇದು 12 ಕೆಜಿ ಆಸುಪಾಸು, ಒಂದೇ ಕೈಯಲ್ಲಿ ಒಯ್ಯಬಹುದು.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. 100 ವ್ಯಾಟಿನ ಎರಡು ಹಳೇ ಫಿಲಮೆಂಟ್ ಬಲ್ಬು ಹಾಕಿ, ಯುಪಿಎಸ್ ತಾನಾಗಿ ಆಫ್ ಆಗುವವರೆಗೆ ಓಡಿಸಿದರೆ ಹೊಸದರಲ್ಲಿ 5 ಗಂಟೆ 20 ನಿಮಿಷ ಬರುತ್ತಿತ್ತು. ಈಗ 5 ಗಂಟೆ 5 ನಿಮಿಷ ಬರುತ್ತದೆ. ಶೇ. 5ರಷ್ಟೂ ಕಳೆದಿಲ್ಲ. ಇದರಲ್ಲಿ ಬ್ಯಾಟರಿಯ ಗುಣ ಎಷ್ಟಿದೆಯೋ ಚಾರ್ಜಿಂಗ್ ಸೆಟ್ಟಿಂಗಿನ ಪಾಲೂ ಅಷ್ಟೇ ಇದೆ.

ಬ್ಯಾಟರಿಯ ಮೈಮೇಲೆ 2000 ಸೈಕಲ್, 3000 ಸೈಕಲ್ ಎಂದು ದೊಡ್ಡದಾಗಿ ಬರೆದಿರುತ್ತಾರೆ (ಒಂದು ಸಲ ಪೂರ್ತಿ ಖಾಲಿಯಾಗಿ ತುಂಬಿದರೆ ಒಂದು ಸೈಕಲ್). ಮನೆ ಯುಪಿಎಸ್‌ಗೆ ಆ ಲೆಕ್ಕದಿಂದ ಹೆಚ್ಚೇನೂ ಉಪಯೋಗವಿಲ್ಲ. ದಿನಕ್ಕೊಂದು ಗಂಟೆ ಕರೆಂಟು ಹೋಗಿ 200 ವ್ಯಾಟ್ ಎಳೆದರೂ ಐದು ದಿನಕ್ಕೊಂದು ಪೂರ್ತಿ ಸೈಕಲ್ ಆಗುತ್ತದೆ, ವರ್ಷಕ್ಕೆ 70 ಚಿಲ್ಲರೆ. 2000 ಮುಟ್ಟುವಷ್ಟರಲ್ಲಿ ಮೊಮ್ಮಕ್ಕಳು ಬಂದಿರುತ್ತಾರೆ. ಇಲ್ಲಿ ಬ್ಯಾಟರಿ ಸವೆಯುವುದು ಸುಮ್ಮನೆ ಕೂತು, ಅದೂ ತುಂಬಿದ ಹೊಟ್ಟೆಯಲ್ಲಿ ಸೆಕೆಯಲ್ಲಿ ಕೂತು. ಪೂರ್ತಿ ಚಾರ್ಜ್ ಆದ ಸೆಲ್ಲಿನೊಳಗೆ ನೆಗೆಟಿವ್ ಬದಿಯ ಗ್ರಾಫೈಟ್ ಮೇಲಿನ ಪದರ ನಿಧಾನವಾಗಿ ದಪ್ಪಗಾಗುತ್ತದೆ, ಓಡಾಡಬೇಕಾದ ಲಿಥಿಯಂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿ ಹೆಚ್ಚಾದಷ್ಟೂ ಇದು ಜೋರಾಗುತ್ತದೆ.

ತೊಂದರೆ ಏನೆಂದರೆ, ನಮ್ಮ ಯುಪಿಎಸ್‌ಗಳು ಸೀಸದ ಬ್ಯಾಟರಿಗೆಂದು ಹುಟ್ಟಿದವು. ಸೀಸದ್ದನ್ನು ಅರೆಹೊಟ್ಟೆಯಲ್ಲಿಟ್ಟರೆ ಸಲ್ಫೇಟ್ ಕಟ್ಟಿ ಹಾಳಾಗುತ್ತದೆ. ಹಾಗಾಗಿ ಚಾರ್ಜರ್ ಇಪ್ಪತ್ನಾಲ್ಕು ಗಂಟೆಯೂ ಅದನ್ನು ಒತ್ತಿ ತುಂಬಿಸುತ್ತಲೇ ಇರುತ್ತದೆ. ಎಲ್‌ಎಫ್‌ಪಿಗೆ ಈ ಉಪಚಾರ ಬೇಡ. ಒಳಗಿರುವುದು ಸಾಲಾಗಿ ಜೋಡಿಸಿದ ನಾಲ್ಕು ಸೆಲ್ಲು. ಪ್ರತಿಯೊಂದಕ್ಕೂ ಮೇಲ್ಮಿತಿ 3.65 ವೋಲ್ಟ್, ಒಟ್ಟು 14.6. ಅಲ್ಲಿಯವರೆಗೆ ಹೋಗಬೇಕಾಗಿಯೇ ಇಲ್ಲ. 14.2ರಲ್ಲಿ ನಿಲ್ಲಿಸಿದರೂ ಹೆಚ್ಚುಕಡಿಮೆ ಪೂರ್ತಿ ತುಂಬಿರುತ್ತದೆ. ಆಮೇಲೆ ಫ್ಲೋಟ್, ಅಂದರೆ ತುಂಬಿದ ಮೇಲೆ ಚಾರ್ಜರ್ ಹಿಡಿದಿಡುವ ವೋಲ್ಟೇಜು, 13.4ರಿಂದ 13.5ರೊಳಗೆ ಇದ್ದರೆ ಚಾರ್ಜರ್ ಒತ್ತುವುದನ್ನು ಬಿಡುತ್ತದೆ.

ನಿಮ್ಮ ಯುಪಿಎಸ್ ಎಷ್ಟು ಕೊಡುತ್ತಿದೆ ಎಂದು ತಿಳಿಯಲು ಅದರ ಡಿಸ್‌ಪ್ಲೇ ನಂಬಬೇಡಿ. ಮಲ್ಟಿಮೀಟರಿನ ಕಡ್ಡಿಯನ್ನು ನೇರ ಬ್ಯಾಟರಿಯ ಟರ್ಮಿನಲ್ಲಿಗೆ ಹಿಡಿಯಿರಿ. ಅರ್ಧದಷ್ಟು ಖಾಲಿಯಾದ ಬ್ಯಾಟರಿಗೆ ಕರೆಂಟು ಕೊಟ್ಟು, ವೋಲ್ಟೇಜು 13.8 ದಾಟಿದ ಮೇಲೆ ಐದೈದು ನಿಮಿಷಕ್ಕೆ ಓದಿ ಬರೆದುಕೊಳ್ಳಿ. ಏರಿದ ಗರಿಷ್ಠ ಒಂದು ಅಂಕಿ, ನಾಲ್ಕು ಗಂಟೆ ಬಿಟ್ಟು ನೋಡಿದ್ದು ಇನ್ನೊಂದು, ಅದೇ ಫ್ಲೋಟ್. ಈ ಎರಡು ಸಾಕು. ಮೀಟರಿನೊಳಗಿನ 9 ವೋಲ್ಟ್ ಸೆಲ್ಲು ಸೊರಗಿದ್ದರೆ ಅದು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ, ಮೊದಲು ಅದನ್ನು ಬದಲಿಸಿ. ಇಲ್ಲದಿದ್ದರೆ ಸರಿಯಿರುವ ಯುಪಿಎಸ್ ಮೇಲೆ ಸುಮ್ಮನೆ ಅನುಮಾನ.

ಲಿಥಿಯಂ ಮೋಡ್ ಇರುವ ಯುಪಿಎಸ್ ಆದರೆ ಆ ಮೋಡಿಗೆ ಹಾಕಿ, ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಹಿಂಬದಿಯಲ್ಲಿ ಬ್ಯಾಟರಿಯ ಬಗೆ ಆರಿಸುವ ಸ್ವಿಚ್ ಇರುತ್ತದೆ: ಟ್ಯೂಬುಲರ್, ಫ್ಲಾಟ್, ಎಸ್‌ಎಂಎಫ್, ಮೂರೂ ಸೀಸದ ಬ್ಯಾಟರಿಯ ಬಗೆಗಳೇ. ಒಂದೊಂದರಲ್ಲೂ ಅಳೆದು ನೋಡಿ, ಕಡಿಮೆ ಕೊಡುವುದನ್ನು ಇಟ್ಟುಕೊಳ್ಳಿ. ಯಾವ ಸ್ಥಾನದಲ್ಲೂ ಫ್ಲೋಟ್ 13.8ಕ್ಕಿಂತ ಕೆಳಗಿಳಿಯದಿದ್ದರೆ ಆ ಯುಪಿಎಸ್‌ಗೆ ಈ ಬ್ಯಾಟರಿ ಹಾಕುವುದು ದಂಡ. ಟೈಮರ್ ಪ್ಲಗ್ ಹಾಕಿ ಚಾರ್ಜಿಂಗ್ ತಪ್ಪಿಸುತ್ತೇನೆ ಎನ್ನುವವರಿದ್ದಾರೆ. ಪ್ಲಗ್ ಆಫ್ ಆದ ಕೂಡಲೇ ಯುಪಿಎಸ್ ಕರೆಂಟು ಹೋಯಿತೆಂದು ತಿಳಿದು ಮನೆಯ ಲೋಡನ್ನೆಲ್ಲ ಬ್ಯಾಟರಿಗೆ ಹಾಕುತ್ತದೆ, ಅಷ್ಟೇ.

ಟ್ಯೂಬುಲರ್ ಮೋಡಿನಲ್ಲಿ ಇನ್ನೊಂದು ಕಾಟವಿದೆ. ಕೆಲವು ಯುಪಿಎಸ್‌ಗಳು ಸೀಸದ ಸೆಲ್ಲುಗಳನ್ನು ಸಮ ಮಾಡಲು ಆಗಾಗ ಈಕ್ವಲೈಸ್ ಎಂದು 15 ವೋಲ್ಟ್‌ವರೆಗೂ ಏರಿಸುತ್ತವೆ. ಆಗ ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಸಂಪರ್ಕ ಕಡಿದುಬಿಡುತ್ತದೆ. ಯುಪಿಎಸ್‌ಗೆ ಬ್ಯಾಟರಿಯೇ ಕಾಣುವುದಿಲ್ಲ, ಕುಯ್ ಎಂದು ಕೂಗಿಕೊಂಡು ಫಾಲ್ಟ್ ತೋರಿಸುತ್ತದೆ. ರಿಪೇರಿಗೆ ಬಂದವರು ಬ್ಯಾಟರಿ ಹೋಗಿದೆ ಎನ್ನುತ್ತಾರೆ. ಬ್ಯಾಟರಿ ಸರಿಯಾಗಿಯೇ ಇರುತ್ತದೆ, ತನ್ನನ್ನು ತಾನು ಕಾಪಾಡಿಕೊಂಡಿರುತ್ತದೆ.

ಹಾಗೆಂದು ಫೋನಿನಂತೆ ಇದನ್ನೂ ಯಾವಾಗಲೂ ಶೇ. 80ರಲ್ಲೇ ನಿಲ್ಲಿಸುತ್ತೇನೆಂದು ಹೊರಟರೂ ಸರಿಯಾಗದು. ನಾಲ್ಕು ಸೆಲ್ಲುಗಳನ್ನು ಸಮ ಮಾಡುವ ಬ್ಯಾಲೆನ್ಸಿಂಗ್ ಸಾಮಾನ್ಯವಾಗಿ ಸೆಲ್ಲಿಗೆ 3.4 ವೋಲ್ಟ್ ದಾಟಿದ ಮೇಲಷ್ಟೇ ಶುರುವಾಗುತ್ತದೆ, ಅದೂ ಕೆಲವೇ ಹತ್ತು ಮಿಲಿಆಂಪಿಯರಿನಲ್ಲಿ. ತಿಂಗಳಿಗೊಮ್ಮೆಯಾದರೂ 14.2 ಮುಟ್ಟಿ ಒಂದೆರಡು ಗಂಟೆ ಅಲ್ಲಿರಬೇಕು. ಮುಟ್ಟದೇ ಹೋದರೆ ಒಂದು ಸೆಲ್ಲು ಮುಂದೆ, ಒಂದು ಹಿಂದೆ ಬೀಳುತ್ತದೆ. ಮುಂದಿರುವುದು ಮೊದಲು ತುಂಬಿ ಚಾರ್ಜಿಂಗ್ ಕಡಿಯುತ್ತದೆ, ಹಿಂದಿರುವುದು ಮೊದಲು ಖಾಲಿಯಾಗಿ ಬ್ಯಾಕಪ್ ಕಡಿಯುತ್ತದೆ. ಕೊನೆಗೆ 100 ಎಎಚ್ ಬ್ಯಾಟರಿ 80ರದ್ದರಂತೆ ನಡೆದುಕೊಳ್ಳುತ್ತದೆ.

ಜಾಗದ ವಿಷಯ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಅಟ್ಟದ ಮೇಲೆ ಶೀಟಿನ ಕೆಳಗೆ ಇದನ್ನಿಟ್ಟರೆ ಎಷ್ಟೇ ಸೆಟ್ಟಿಂಗ್ ಮಾಡಿದರೂ ನಷ್ಟವೇ. ಯುಪಿಎಸ್ ಟ್ರಾಲಿಯೊಳಗೂ ಬೇಡ. ಚಾರ್ಜ್ ಆಗುವಾಗ ಯುಪಿಎಸ್ ಬಿಡುವ ಬಿಸಿಗಾಳಿ ನೇರ ಬ್ಯಾಟರಿಗೆ ಬಡಿಯುತ್ತದೆ. ನೆಲದ ಮೇಲೆ, ಗೋಡೆಯಿಂದ ನಾಲ್ಕು ಇಂಚು ದೂರ ಇಟ್ಟರೆ ಆಯಿತು. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವಿಲ್ಲ, ಆಸಿಡ್ ಹೊಗೆಯಿಲ್ಲ, ಮನೆಯೊಳಗೆ ತಂಪಾದ ಯಾವ ಮೂಲೆಯಲ್ಲಾದರೂ ಇಡಬಹುದು.

ಇಷ್ಟವಾಗದ್ದು ಒಂದಿದೆ. ಯುಪಿಎಸ್ ಮೇಲಿನ ಬ್ಯಾಟರಿ ಗೆರೆಗಳು ಇದಕ್ಕೆ ಸುಳ್ಳು ಹೇಳುತ್ತವೆ. ಎಲ್‌ಎಫ್‌ಪಿ ವೋಲ್ಟೇಜು ಶೇ. 80ರಿಂದ 30ರವರೆಗೆ ಬರಿ 0.2 ವೋಲ್ಟಿನಷ್ಟು ಇಳಿಯುತ್ತದೆ, ಹಾಗಾಗಿ ಗೆರೆ ಪೂರ್ತಿ ಇದ್ದಂತೆಯೇ ಕಾಣುತ್ತದೆ. ಕೊನೆಗೆ 12 ವೋಲ್ಟಿನ ಕೆಳಗೆ ಬಂದಾಗ ಬಂಡೆಯಿಂದ ಬಿದ್ದ ಹಾಗೆ. ಅಲಾರಂ ಹೊಡೆದು ಕೆಲವೇ ನಿಮಿಷಕ್ಕೆ ಕತ್ತಲು. ಸೀಸದ ಬ್ಯಾಟರಿಯಲ್ಲಿ ಅಲಾರಂ ಆದ ಮೇಲೂ ಅನ್ನಕ್ಕಿಟ್ಟ ಕುಕ್ಕರ್ ಕೂಗುವಷ್ಟು ಹೊತ್ತು ಸಿಗುತ್ತಿತ್ತು. ಇದಕ್ಕೆ ಶಂಟ್ ಇರುವ, ಅಂದರೆ ಹರಿದ ಕರೆಂಟನ್ನು ಎಣಿಸುವ ಮೀಟರ್ ಹಾಕಿಸುವುದೊಂದೇ ದಾರಿ, ಇಲ್ಲವೇ ಗಡಿಯಾರ ನೋಡಿ ಲೆಕ್ಕ ಹಾಕುವುದು.

ಹಳೇ ಸೀಸದ ಬ್ಯಾಟರಿಯ ಜೊತೆ ಪ್ಯಾರಲಲ್ ಕೊಡಬೇಡಿ. ಕೇಬಲ್ ತುದಿಯ ಲೋಹದ ಲಗ್ಗಿನ ಬೋಲ್ಟನ್ನು ಆರು ತಿಂಗಳಿಗೊಮ್ಮೆ ಬಿಗಿ ಮಾಡಿ: 500 ವ್ಯಾಟ್ ಲೋಡಿಗೆ 45 ಆಂಪಿಯರ್ ಹತ್ತಿರ ಹರಿಯುತ್ತದೆ, ಸಡಿಲವಿದ್ದರೆ ಲಗ್ ಕಾಯ್ದು ಪ್ಲಾಸ್ಟಿಕ್ ಕರಗುತ್ತದೆ.

ತಿಂಗಳುಗಟ್ಟಲೆ ಮನೆ ಬೀಗ ಹಾಕಿ ಹೋಗುವುದಾದರೆ ತುಂಬಿಸಿಟ್ಟು ಹೋಗಬೇಡಿ. ಬ್ಯಾಕಪ್ ಮೇಲೆ ಎರಡು ಮೂರು ಗಂಟೆ ಓಡಿಸಿ, ಲೋಡು ತೆಗೆದು ಒಂದು ಗಂಟೆ ಬಿಟ್ಟು ಅಳೆದರೆ 13.1ರಿಂದ 13.2 ಇರಬೇಕು. ಆಮೇಲೆ ಯುಪಿಎಸ್‌ನ ಮುಂದಿನ ಸ್ವಿಚ್ ಆಫ್, ಗೋಡೆಯ ಪ್ಲಗ್ ಆಫ್, ಕೊನೆಗೆ ನೆಗೆಟಿವ್ ಕೇಬಲ್ ಬಿಚ್ಚಿ. ಮುಂದಿನ ಸ್ವಿಚ್ ಒಂದನ್ನೇ ಆಫ್ ಮಾಡಿದರೆ ಚಾರ್ಜಿಂಗ್ ನಿಲ್ಲುವುದಿಲ್ಲ. ವಾಪಸ್ ಬಂದು ಕೇಬಲ್ ತಾಗಿಸುವಾಗ ಚಟ್ ಎಂದು ಕಿಡಿ ಹಾರಿ ಬ್ಯಾಟರಿ 0 ವೋಲ್ಟ್ ತೋರಿಸಬಹುದು. ಯುಪಿಎಸ್‌ನ ಕೆಪಾಸಿಟರುಗಳು ಒಮ್ಮೆಲೇ ಎಳೆದದ್ದನ್ನು ಬಿಎಂಎಸ್ ಶಾರ್ಟ್ ಎಂದು ತಿಳಿದಿರುತ್ತದೆ. ಕೇಬಲ್ ಬಿಚ್ಚಿ ಒಂದೆರಡು ನಿಮಿಷ ಬಿಡಿ, ಬಹುತೇಕ ತಾನೇ ಎದ್ದು ಕೂರುತ್ತದೆ.