ತೆರೆಯ ಹಿಂದೆಯೇ ಉಳಿಯುವವರು: ಮೂರು ಕಿರುಕಾದಂಬರಿಗಳ ಓದು

ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943), ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮತ್ತು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೃತಿಗಳನ್ನು ಇತ್ತೀಚೆಗೆ ಒಂದರ ಬೆನ್ನಿಗೊಂದರಂತೆ ಓದಿದೆ. ಮೂರೂ ಗಾತ್ರದಲ್ಲಿ ಚಿಕ್ಕವು. ಮೂರರಲ್ಲಿಯೂ ಕಥೆಯನ್ನು ಎಳೆದುಕೊಂಡು ಹೋಗುವ ಜೀವವೊಂದು ಎದುರಿಗೆ ಇರುವುದಿಲ್ಲ, ಇದ್ದರೂ ಕೈಗೆ ಸಿಗುವುದಿಲ್ಲ. ಆ ಗೈರುಹಾಜರಿಯನ್ನು ಲೇಖಕರು ನಿಭಾಯಿಸಿದ ಬಗೆಯ ಮೇಲೆಯೇ ನನ್ನ ಮೆಚ್ಚುಗೆ ಮತ್ತು ತಕರಾರುಗಳೆರಡೂ ನಿಂತಿವೆ. ಕೊನೆಯನ್ನು ಮೊದಲೇ ತಿಳಿಯಲು ಇಷ್ಟವಿಲ್ಲದವರು ಕೃತಿಗಳನ್ನು ಓದಿ ಬಂದರೆ ಒಳಿತು.

ಮೂರರಲ್ಲಿ ನನಗೆ ಅತ್ಯಂತ ಹಿಡಿಸಿದ್ದು ‘ಬೆಟ್ಟದ ಜೀವ’. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನಿಗೆ ಗೋಪಾಲಯ್ಯ ಮತ್ತು ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆಯಲ್ಲಿ ಆಶ್ರಯ ಸಿಗುತ್ತದೆ. ಕಾಡು ಕಡಿದು ಅಡಕೆ ತೋಟ ಎಬ್ಬಿಸಿದ ಈ ಮುದುಕ ಬೆಟ್ಟ ಹತ್ತುವುದರಲ್ಲಿ ಹರೆಯದವರನ್ನು ಹಿಂದೆ ಹಾಕುತ್ತಾನೆ, ಹೆಂಡತಿಯನ್ನು ಛೇಡಿಸುತ್ತಾನೆ, ಅತಿಥಿಯನ್ನು ಹೊರಡಲು ಬಿಡದೆ ಉಳಿಸಿಕೊಳ್ಳುತ್ತಾನೆ. ಈ ಉಪಚಾರದ ಅತಿರೇಕ ಮೊದಲು ವಿನೋದವಾಗಿ ಕಾಣುತ್ತದೆ. ಮನೆ ಬಿಟ್ಟುಹೋದ ಮಗ ಶಂಭುವಿನ ಸಂಗತಿ ತಿಳಿದ ಮೇಲೆ, ಬಂದವರಲ್ಲೆಲ್ಲ ಮಗನನ್ನು ಅರಸುವ ಹಸಿವು ಅದರೊಳಗಿದೆ ಎಂಬುದು ಅರಿವಾಗುತ್ತದೆ. ಒಬ್ಬರ ಸಂಕಟ ಇನ್ನೊಬ್ಬರಿಗೆ ತಾಗದಂತೆ ಗಂಡಹೆಂಡಿರು ಮಾತನ್ನು ಬೇರೆಡೆಗೆ ತಿರುಗಿಸುವ ರೀತಿಯನ್ನು ಕಾರಂತರು ಒಂದಿಷ್ಟೂ ವಾಚ್ಯವಾಗಿಸದೆ ಚಿತ್ರಿಸಿದ್ದಾರೆ. ಮಗ ಮರಳಿದರೆ ತನ್ನ ದುಡಿಮೆಯ ಗತಿಯೇನು ಎಂಬ, ಗೋಪಾಲಯ್ಯನ ತೋಟದಲ್ಲಿ ದುಡಿಯುವ ನಾರಾಯಣನ ಅಳುಕನ್ನು ಪಕ್ಕದಲ್ಲಿಟ್ಟಿರುವುದರಿಂದ, ಆ ಮರಳುವಿಕೆ ಎಲ್ಲರಿಗೂ ಸುಖ ತರಬಲ್ಲದು ಎಂದು ನಂಬುವ ಸಮಾಧಾನವೂ ಓದುಗನಿಗೆ ಉಳಿಯುವುದಿಲ್ಲ. ನಡುವಿನ ತಿರುಗಾಟಗಳು ತುಸು ದೀರ್ಘವಾದವು ಎಂಬುದು ನಿಜ. ಆದರೂ ಶಂಭುವನ್ನು ಮನೆಯ ಹೊಸಿಲಿಗೆ ತಂದು ನಿಲ್ಲಿಸದ ಕಾರಂತರ ಸಂಯಮ ಬಹಳ ದೊಡ್ಡದು.

‘ಘಾಚರ್ ಘೋಚರ್’ ಕ್ರೌರ್ಯವನ್ನು ಮನೆಯೊಳಗೆ ಹುಡುಕುತ್ತದೆ. ಬೆಂಗಳೂರಿನ ಕೆಳಮಧ್ಯಮ ವರ್ಗದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಸಿರಿವಂತವಾಗುತ್ತದೆ. ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಸಾರುವ ಯುದ್ಧವನ್ನು ಓದುವಾಗ, ಕೊಲ್ಲುವುದರಲ್ಲಿ ಇವರಿಗೆ ಸಿಗುವ ತೃಪ್ತಿ ನನ್ನನ್ನು ನಿಜಕ್ಕೂ ಬೆಚ್ಚಿಸಿತು. ಮುಂದೆ ಚಿಕ್ಕಪ್ಪನನ್ನು ಅರಸಿ, ಅಡುಗೆ ಮಾಡಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ತಾಯಿ ಮಗಳು ಸೇರಿ ಹೀನಾಯವಾಗಿ ಬೈದು ಅಟ್ಟುವಾಗ ಮನೆಯ ಗಂಡಸರು ತೋರುವ ಮೌನ ಇನ್ನೂ ಭೀಕರವಾದುದು. ಅದನ್ನು ಪ್ರಶ್ನಿಸುವವಳು ಸೊಸೆ ಅನಿತಾ ಒಬ್ಬಳೇ. ನಿರೂಪಕ ಕಾಫಿ ಹೌಸಿನಲ್ಲಿ ಕುಳಿತು ಕಥೆ ಹೇಳುವ ಹೊತ್ತಿಗೆ ಅವಳು ಊರಿನಲ್ಲಿಲ್ಲ, ಅವಳಿಗೆ ಏನಾಯಿತೆಂದು ಲೇಖಕರು ಹೇಳುವುದೂ ಇಲ್ಲ. ಈ ಅಂತ್ಯ ಅಪೂರ್ಣವೆಂದು ದೂರುವವರ ಮಾತನ್ನು ನಾನು ಒಪ್ಪಲಾರೆ. ಹೇಳಿಬಿಟ್ಟಿದ್ದರೆ ಅದೊಂದು ಅಪರಾಧದ ಕಥೆಯಾಗಿ ಮುಗಿದುಹೋಗುತ್ತಿತ್ತು. ಹೇಳದಿರುವುದರಿಂದ, ಅದುವರೆಗೆ ನಕ್ಕು ಓದಿದ ಮನೆಮಾತುಗಳನ್ನೆಲ್ಲ ಶಂಕೆಯಿಂದ ಮತ್ತೆ ತಿರುವಿ ನೋಡಬೇಕಾಗುತ್ತದೆ. ನನ್ನ ಒಂದೇ ಅತೃಪ್ತಿಯೆಂದರೆ, ಅನಿತಾಳನ್ನು ನಿರೂಪಕನ ಹೇಡಿತನದ ಮೂಲಕವೇ ನೋಡಬೇಕಾಗಿರುವುದರಿಂದ ಅವಳ ಒಳಗು ನಮಗೆ ಸಾಕಷ್ಟು ದಕ್ಕುವುದಿಲ್ಲ.

‘ಕರ್ವಾಲೊ’ ಕೃತಿಯ ಬಗ್ಗೆ ಬರೆಯುವುದು ಕಷ್ಟ, ಏಕೆಂದರೆ ಅದನ್ನು ಪ್ರೀತಿಸದ ಕನ್ನಡ ಓದುಗರು ವಿರಳ. ಜೇನು ಹಿಡಿಯುವ ಮಂದಣ್ಣನಲ್ಲಿ ಅಪೂರ್ವ ಪ್ರಕೃತಿಜ್ಞನನ್ನು ವಿಜ್ಞಾನಿ ಕರ್ವಾಲೊ ಗುರುತಿಸುವ ಭಾಗವನ್ನು ನಾನು ಎಷ್ಟು ಸಲವಾದರೂ ಓದಬಲ್ಲೆ. ಕರ್ವಾಲೊ ತಂಡ ಅರಸಿ ಹೋಗುವ ಹಾರುವ ಓತಿ ಕಂಡೂ ಕೈಗೆ ಸಿಗದೆ ಕಣಿವೆಯತ್ತ ತೇಲಿ ಮರೆಯಾಗುವ ಕೊನೆಯ ಪುಟಗಳ ಉಜ್ವಲತೆಯೂ ಮಾಸಿಲ್ಲ. ಆದರೆ ಈ ಸಲದ ಓದಿನಲ್ಲಿ ಮಂದಣ್ಣನ ಮದುವೆಯ ಪ್ರಸಂಗ ನನ್ನನ್ನು ಅಡ್ಡಗಟ್ಟಿತು. ‘ಕಿವಿ’ ಎಂಬ ಹೆಸರಿನ ನಾಯಿಗೂ ಸ್ಪಷ್ಟವಾದ ವ್ಯಕ್ತಿತ್ವ ಕೊಟ್ಟ ಲೇಖಕರು, ಮಂದಣ್ಣನ ಕೈಹಿಡಿಯುವ ಹುಡುಗಿಗೆ ತನ್ನದೆನ್ನುವ ಮನಸ್ಸೊಂದನ್ನು ಕೊಡಲಿಲ್ಲ. ಓತಿ ಕಾಣದಿದ್ದಾಗ ಇಡೀ ತಂಡ ಕಾಡು ಜಾಲಾಡುತ್ತದೆ. ಈ ಹುಡುಗಿಯನ್ನು ಮಾತ್ರ ಕಾದಂಬರಿ ಹುಡುಕುವುದಿಲ್ಲ. ಹದಿಹರೆಯದವರ ಕೈಗೆ ಮೊದಲು ಕೊಡಬೇಕಾದ ಕನ್ನಡ ಪುಸ್ತಕ ಇದೇ ಎಂದು ಈಗಲೂ ಹೇಳುತ್ತೇನೆ, ಮತ್ತು ಓದಿ ಮುಗಿಸಿದವರೊಂದಿಗೆ ಈ ಕೊರತೆಯ ಬಗ್ಗೆಯೂ ಮಾತನಾಡಬೇಕೆಂದು ಬಯಸುತ್ತೇನೆ.