ಫ್ರೀ ಟ್ರಯಲ್‌ಗೆ ಯಾವುದು ವಾಸಿ: ಯುಪಿಐ, ಕಾರ್ಡ್, ಪ್ಲೇ ಸ್ಟೋರ್?

ಒಂದು ರೂಪಾಯಿ ಕೊಟ್ಟು ಏಳು ದಿನ ಬಳಸಿ ನೋಡಿ ಎಂದು ಕರೆಯುವ ಆ್ಯಪ್‌ಗಳು ಈಗ ಎಲ್ಲೆಲ್ಲೂ ಇವೆ. ಧಾರಾವಾಹಿ ನೋಡಲು, ಇಂಗ್ಲಿಷ್ ಕಲಿಯಲು, ಜಾತಕ ಕೇಳಲು, ಎಲ್ಲಕ್ಕೂ. ಸೇರುವುದು ಸುಲಭ. ಬಿಟ್ಟು ಬರುವುದು ಎಷ್ಟು ಕಷ್ಟ ಎನ್ನುವುದು ನಾವು ಯಾವ ದಾರಿಯಲ್ಲಿ ದುಡ್ಡು ಕಟ್ಟಿದೆವು ಎನ್ನುವುದರ ಮೇಲಿದೆ. ಈ ಮೂರೂ ದಾರಿಯಲ್ಲಿ ಸೇರಿ, ಬಿಟ್ಟು, ನೋಡಿದ್ದೇನೆ.

ಜನ ಜಾಸ್ತಿ ಸಿಕ್ಕಿಬೀಳುವುದು ಯುಪಿಐ ಆಟೋಪೇಯಲ್ಲಿ, ಅಂದರೆ ಪ್ರತಿ ಕಂತೂ ತಾನಾಗಿಯೇ ಕಡಿತವಾಗುವ ವ್ಯವಸ್ಥೆಯಲ್ಲಿ. ಒಂದು ರೂಪಾಯಿ ತಾನೇ ಎಂದು ಪಿನ್ ಒತ್ತುತ್ತೇವೆ. ಆದರೆ ಆ ಪಿನ್ ಮುಂದಿನ ಕಂತುಗಳಿಗೂ ಸೇರಿ ಕೊಟ್ಟ ಒಪ್ಪಿಗೆ. ಅದಕ್ಕೇ ಪಿನ್ ಕೇಳುವ ಮುಂಚಿನ ಪುಟವನ್ನು ನಿಧಾನವಾಗಿ ಓದಬೇಕು. ನಾನು ಬಳಸಿದ ಒಂದು ಆ್ಯಪ್‌ನಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ ₹1 ಇತ್ತು. ತಿಂಗಳ ₹299 ಅದರ ಕೆಳಗೆ, ಬೂದು ಬಣ್ಣದಲ್ಲಿ, ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣದಾಗಿ. ಇನ್ನೂ ಕೆಳಗೆ ‘ಗರಿಷ್ಠ ₹5,000’. ತಿಂಗಳಿಗೆ 299 ತೆಗೆದುಕೊಳ್ಳುವವರಿಗೆ ಐದು ಸಾವಿರದ ಅನುಮತಿ ಯಾಕೆ? ಇಂಥ ಕಂತು ₹15,000 ದಾಟದಿದ್ದರೆ ಮತ್ತೆ ಪಿನ್ ಕೇಳುವುದೇ ಇಲ್ಲ. ಹಾಗಾಗಿ ಆ ಕೊನೆಯ ಸಾಲೇ ಮುಖ್ಯ.

ನಿಲ್ಲಿಸುವ ವಿಷಯಕ್ಕೆ ಬಂದರೆ ಇದೇ ಯುಪಿಐ ಎಲ್ಲಕ್ಕಿಂತ ಮುಂದೆ. ಕಂಪನಿಯ ಬಾಗಿಲಿಗೆ ಹೋಗಿ ಗೋಗರೆಯಬೇಕಿಲ್ಲ. ನಿಮ್ಮ ಯುಪಿಐ ಆ್ಯಪ್ ತೆರೆಯಿರಿ, ಪ್ರೊಫೈಲ್‌ನಲ್ಲಿ ಆಟೋಪೇ ಹುಡುಕಿ, ಕಂಪನಿಯ ಹೆಸರು ಒತ್ತಿ ರದ್ದು ಮಾಡಿ, ಪಿನ್ ಹಾಕಿ. ಮುಗೀತು. ಟ್ರಯಲ್‌ನ ಕೊನೆಯ ದಿನದವರೆಗೆ ಮಾತ್ರ ಕಾಯಬೇಡಿ.

ಕಾರ್ಡ್ ನನಗೆ ಹಿಡಿಸಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಚೆನ್ನಾಗಿಯೇ ಇದೆ. 2021ರ ಅಕ್ಟೋಬರ್ 1ರಿಂದ, ಕಂತು ಕಡಿತವಾಗುವ 24 ಗಂಟೆ ಮೊದಲೇ ಗ್ರಾಹಕರಿಗೆ ತಿಳಿಸಬೇಕು. ಆದರೆ ಆ ಮೆಸೇಜ್ ಸಾಲದ ಆಫರ್, ಓಟಿಪಿಗಳ ರಾಶಿಯಲ್ಲಿ ಎಲ್ಲೋ ಹೂತುಹೋಗುತ್ತದೆ. ರದ್ದು ಮಾಡುವ ಜಾಗವೂ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಕಡೆ. ಹುಡುಕಿ ಸಾಕಾಗಿ ಕೊನೆಗೆ ಕಂಪನಿಯ ಆ್ಯಪ್‌ಗೇ ಹೋಗುತ್ತೇವೆ, ಅಲ್ಲಿ ಶುರುವಾಗುತ್ತದೆ ನಾಟಕ. ‘ಉಳಿಯುತ್ತೇನೆ’ ಎನ್ನುವ ಬಟನ್ ದೊಡ್ಡದು, ಹಸಿರು. ಬಿಡುವವರಿಗೆ ಬಟನ್ನೇ ಇಲ್ಲ, ಒಂದು ಮಸುಕಾದ ಸಾಲು: ‘ಬೇಡ, ನನಗೆ ಉಳಿತಾಯ ಬೇಕಿಲ್ಲ’. ಅದನ್ನು ಒತ್ತಿದರೆ ಅರ್ಧ ಬೆಲೆಯ ಆಫರ್, ಅದನ್ನೂ ಬೇಡವೆಂದರೆ ಕಾರಣ ಕೇಳುವ ಪುಟ. ದುಡ್ಡು ಕೊಟ್ಟವರನ್ನು ಹೀಗೆ ಹೀಯಾಳಿಸುವುದು ನನಗೆ ಸಿಟ್ಟು ತರಿಸುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ (ಗ್ರಾಹಕರನ್ನು ಯಾಮಾರಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿದೆ. ಬಿಡಲು ಹೊರಟವರಿಗೆ ನಾಚಿಕೆ ಹುಟ್ಟಿಸುವುದೂ ಚಂದಾದಿಂದ ಹೊರಬರಲು ಅಡ್ಡಿ ಮಾಡುವುದೂ ಆ ಪಟ್ಟಿಯಲ್ಲಿವೆ.

ಪ್ಲೇ ಸ್ಟೋರ್ ಬಗ್ಗೆ ಹೇಳಲು ಹೆಚ್ಚಿಲ್ಲ, ಅದೇ ಅದರ ಒಳ್ಳೆಯ ಗುಣ. ಎಲ್ಲ ಚಂದಾಗಳೂ ಒಂದೇ ಪಟ್ಟಿಯಲ್ಲಿ, ಬೆಲೆ ಮತ್ತು ಮುಂದಿನ ದಿನಾಂಕದ ಜೊತೆ ಸಿಗುತ್ತವೆ. ಕಾರಣ ಕೇಳುತ್ತದೆ, ಹೇಳಲು ಇಷ್ಟವಿಲ್ಲ ಎಂದರೆ ಬಿಡುತ್ತದೆ. ನೆನಪಿಡಬೇಕಾದ್ದು ಒಂದೇ: ಆ್ಯಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ.

ನನ್ನ ಮಟ್ಟಿಗೆ ಯುಪಿಐ ಸಾಕು, ಗರಿಷ್ಠ ಮೊತ್ತ ಓದಿದ ಮೇಲೆ. ಅಮ್ಮನ ಫೋನಿನಲ್ಲಿ ಮಾತ್ರ ಪ್ಲೇ ಸ್ಟೋರ್ ಬಿಟ್ಟು ಬೇರೆ ದಾರಿ ಇಟ್ಟಿಲ್ಲ. ಬೆಲೆ, ದಿನಾಂಕ ಎರಡೂ ಅವರ ಕಣ್ಣಿಗೆ ಬೀಳುವುದು ಅಲ್ಲೇ.

ಈಗಾಗಲೇ ಹೋದ ದುಡ್ಡು ರದ್ದು ಮಾಡಿದ ತಕ್ಷಣ ವಾಪಸ್ ಬರುವುದಿಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು. ಸೇರುವಾಗಲೇ ಆ ₹1ರ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದೂರಿನ ಜೊತೆ ಕೊಡಲು ಬೇಕಾಗುತ್ತದೆ.