ದೆಹಲಿ–ಕಠ್ಮಂಡು ವಿಮಾನದ ‘ಎ’ ಸೀಟು: ಕೊಟ್ಟ ಹಣಕ್ಕೆ ಹಿಮಾಲಯ ಕಂಡಿತೇ?

ದೆಹಲಿಯಿಂದ ಕಠ್ಮಂಡುವಿಗೆ ಹೋಗುವಾಗ ಎಡಬದಿಯ ಕಿಟಕಿ ಸೀಟನ್ನೇ, ಅಂದರೆ ‘ಎ’ ಸೀಟನ್ನೇ ಹಿಡಿಯಬೇಕೆಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಎರಡು ಸಲ ಆ ದಾರಿಯಲ್ಲಿ ಪ್ರಯಾಣಿಸಿದ ಮೇಲೆ ನನಗನ್ನಿಸಿದ್ದು, ಆ ಮಾತು ಅರ್ಧ ಮಾತ್ರ ನಿಜ. ಅಕ್ಷರದಷ್ಟೇ ಸಾಲಿನ ಸಂಖ್ಯೆಯೂ ಮುಖ್ಯ.

ಮೊದಲ ಸಲ ನಾನು ಹೆಚ್ಚುವರಿ ಹಣ ಕೊಟ್ಟು ಪಡೆದ ‘ಎ’ ಸೀಟಿಗೆ ಕಿಟಕಿಯೇ ಇರಲಿಲ್ಲ. ಅದು ಬೋಯಿಂಗ್ 737. ಆ ಮಾದರಿಯ ಅನೇಕ ವಿಮಾನಗಳಲ್ಲಿ ರೆಕ್ಕೆಗಿಂತ ತುಸು ಮುಂದಿನ ಒಂದು ಸಾಲಿನಲ್ಲಿ ಹವಾನಿಯಂತ್ರಣದ ಕೊಳವೆ ಗೋಡೆಯೊಳಗಿಂದ ಮೇಲೇರುವುದರಿಂದ ಅಲ್ಲಿ ಕಿಟಕಿ ಕೊರೆದಿರುವುದಿಲ್ಲ. ಗಗನಸಖಿಯನ್ನು ಕೇಳಿದರೆ, ದಾಖಲೆಯಲ್ಲಿ ಇದು ಕಿಟಕಿ ಸೀಟೇ ಎಂದು ವಿನಯದಿಂದ ತಿಳಿಸಿದರು. ಮುಂದಿನ ಸೀಟಿನ ಬೆನ್ನಿಗೂ ಗೋಡೆಗೂ ನಡುವಿನ ನಾಲ್ಕು ಬೆರಳಗಲದ ಸಂದಿಯಲ್ಲಿ ಕಂಡಷ್ಟೇ ನನ್ನ ಪಾಲಿನ ಹಿಮಾಲಯ. ಬರೆದ ದೂರಿಗೆ ಉತ್ತರ ಬಂತು, ಹಣ ಬರಲಿಲ್ಲ.

ಎರಡನೆಯ ಸಲ ನವೆಂಬರಿನ ಬೆಳಗಿನ ವಿಮಾನ, ಏರ್‌ಬಸ್ ಎ320, ರೆಕ್ಕೆಗಿಂತ ಸಾಕಷ್ಟು ಮುಂದಿನ ಐದನೆಯ ಸಾಲು. ದೀಪಾವಳಿಯ ನಂತರದ ದೆಹಲಿಯ ಕಂದು ಹೊಗೆಯನ್ನು ದಾಟಿ ಮೇಲೇರಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಉತ್ತರದ ಅಂಚಿನಲ್ಲಿ ಒಂದು ಬಿಳಿ ಗೆರೆ ಮೂಡಿತು. ಪಕ್ಕದಲ್ಲಿದ್ದ ಚಿಕ್ಕಮ್ಮ, ಪಶುಪತಿನಾಥನ ದರ್ಶನಕ್ಕೆಂದೇ ಹೊರಟವರು, “ಮೋಡ ಅಲ್ವೇನೋ ಅದು?” ಎಂದರು. ಹತ್ತು ನಿಮಿಷ ಕಳೆದರೂ ಗೆರೆಯ ಹಲ್ಲುಗಳು ಹಾಗೇ ಉಳಿದಾಗ ಅವರೇ ಸುಮ್ಮನಾಗಿ, ಆಮೇಲೆ ನನ್ನ ಮೇಲೆ ಬಾಗಿಯೇ ಕುಳಿತರು. (ಆ ದೇವಸ್ಥಾನದ ಮುಖ್ಯ ಅರ್ಚಕರಾದ ಭಟ್ಟರು ಕರ್ನಾಟಕದವರೆಂಬುದು ಅವರ ಉತ್ಸಾಹಕ್ಕೆ ಇನ್ನೊಂದು ಕಾರಣವಾಗಿತ್ತು.) ಮುಂದೆ 8,167 ಮೀಟರಿನ ಧವಳಗಿರಿ ಒಂಟಿಯಾಗಿ ಎದ್ದು ನಿಂತಿತು, ಅದರ ಬಲಕ್ಕೆ ಅನ್ನಪೂರ್ಣದ ಉದ್ದನೆಯ ಗೋಡೆ, ಆಮೇಲೆ ಮನಾಸ್ಲು. ಇವೆಲ್ಲ ಬಹಳ ದೂರದಲ್ಲಿರುವುದರಿಂದ ಮೊಬೈಲ್ ಚಿತ್ರದಲ್ಲಿ ಉಪ್ಪಿನ ಹರಳುಗಳಂತೆ ಬರುತ್ತವೆ. ಕಣ್ಣಿಗೆ ಮಾತ್ರ ಬೇರೆಯೇ. ವಿಮಾನ ಹೆಚ್ಚುಕಡಿಮೆ ಪೂರ್ವಕ್ಕೆ ಸಾಗುವುದರಿಂದ ಎಡಬದಿಯ ಕಿಟಕಿ ಉತ್ತರಕ್ಕೆ ತೆರೆದಿರುತ್ತದೆ. ಹೀಗಾಗಿ ಬಿಸಿಲು ಕಣ್ಣಿಗೆ ಹೊಡೆಯದೆ ಹಿಮದ ಮೇಲೆ ಬೀಳುತ್ತದೆ. ಬಲಬದಿಯವರಿಗೆ ಬಯಲು, ಮಬ್ಬು, ಸೂರ್ಯ.

ಆದರೂ ಬಲಬದಿಯವರು ಪೂರ್ತಿ ನಿರಾಶರಾಗಬೇಕಿಲ್ಲ. ನೇಪಾಳದ ದಕ್ಷಿಣದಂಚಿನ ತರಾಯಿ ಬಯಲಿನ ಮೇಲಿಂದ ವಿಮಾನ ಉತ್ತರಕ್ಕೆ ತಿರುಗಿ ಕಣಿವೆಯತ್ತ ಇಳಿಯುವಾಗ ಈಶಾನ್ಯದಲ್ಲಿರುವ ಎವರೆಸ್ಟ್ ಪ್ರದೇಶದ ಶಿಖರಗಳು ಅವರ ಕಡೆಗೇ ಬರುತ್ತವೆ. ಕಠ್ಮಂಡುವಿನ ಒಂದೇ ರನ್‌ವೇಯಲ್ಲಿ ದಟ್ಟಣೆ ಹೆಚ್ಚಾಗಿ ವಿಮಾನವನ್ನು ಆಕಾಶದಲ್ಲೇ ಸುತ್ತು ಹಾಕಿಸಿದರಂತೂ ಎರಡೂ ಬದಿಗೆ ಸರದಿಯಂತೆ ದರ್ಶನ. ಇಂಥ ವಿಳಂಬಕ್ಕೆ ನಾನು ಗೊಣಗದಿದ್ದದ್ದು ಅದೊಂದೇ ಸಲ.

ರೆಕ್ಕೆಯ ಮೇಲಿನ ಸಾಲುಗಳಲ್ಲಿ ಕೆಳಗಿನ ಕಣಿವೆಗಳು ಮರೆಯಾಗುತ್ತವೆ. ರೆಕ್ಕೆಯ ಹಿಂದಿನ ಸಾಲುಗಳಲ್ಲಿ ಎಂಜಿನ್ನಿನ ಬಿಸಿಗಾಳಿಯಿಂದ ದೃಶ್ಯ ನೀರಿನೊಳಗಿನಂತೆ ನಡುಗುತ್ತದೆ. ಮುಂದಿನ ಸಾಲಿನ ದರ ದುಬಾರಿ ಎನಿಸಿದರೆ ತೀರಾ ಹಿಂಬದಿಯ ಸಾಲು ಪರವಾಗಿಲ್ಲ. ಎಟಿಆರ್ 72ರಂಥ ಸಣ್ಣ ವಿಮಾನಗಳಲ್ಲಿ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಈ ತಲೆನೋವು ಅಷ್ಟಿಲ್ಲ. ಯಾವ ವಿಮಾನವಾದರೂ ಹಣ ಕಟ್ಟುವ ಮೊದಲು ಅದರ ಮಾದರಿಯನ್ನೂ ಆಸನ ನಕ್ಷೆಯನ್ನೂ ನೋಡಿಕೊಳ್ಳಿ.

ಹಿಂತಿರುಗುವಾಗ ಬಲಬದಿಯ ಕಿಟಕಿಯ ‘ಎಫ್’ ಸೀಟು ಬೇಕು. ಹೋಗುವಾಗಿನ ಅಭ್ಯಾಸದಲ್ಲಿ ಮತ್ತೆ ‘ಎ’ ಒತ್ತಿದವರು ಗಂಗಾ ಬಯಲನ್ನು ನೋಡುತ್ತಾ ಬರಬೇಕಾಗುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳ ಬೆಳಗಿನ ವಿಮಾನವಾದರೆ ನಾನು ಮತ್ತೆ ಹಣ ಕೊಡುತ್ತೇನೆ. ಮಳೆಗಾಲದಲ್ಲಿ ಮಾತ್ರ ಕೊಡುವುದಿಲ್ಲ, ನಡುಸೀಟೇ ಸಾಕು.